ಪ್ಯಾಕಿಯವರ ತಲೆಯ ಸುತ್ತಳತೆ

ಪೂಜಾಪೀಠದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಬಲಿಪೂಜೆಯಲ್ಲಿ ಪಾತ್ರೆಯ ಕೆಳಗೆ ಹಾಸುವ ಚೌಕದ ಬಟ್ಟೆ ಅದು. ಮಡಿಸಿ ಬಿಚ್ಚಿದರೆ ಒಂಬತ್ತು ಮನೆ ಬೀಳಬೇಕು, ಎಂಟಾಗಬಾರದು, ಹತ್ತಾಗಬಾರದು. ನಾನು ಏಳನೆಯ ಮನೆಗೆ ಬಂದಾಗ ಫಾದರ್ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕೊರೋನಾ ಕಾಲವಲ್ಲವೆ, ಹೊಸ್ತಿಲು ದಾಟುತ್ತಿರಲಿಲ್ಲ. ಎರಡು ಮೀಟರ್ ಎಂದರೆ ಅವರಿಗೆ ಎರಡು ಮೀಟರೇ.

"ಆರೋ, ಪ್ಯಾಕಿ ಸೈಕಲ್ ಕೊಟ್ಟುಬಿಟ್ಟಿದ್ದಾರಂತೆ."

"ಯಾರಿಗೆ ಫಾದರ್?"

"ಪೋಸ್ಟ್ ತರೋ ಹೆಂಗಸಿಗೆ. ಅಷ್ಟೇ ಅಲ್ಲ. ಇವತ್ತು ಅವರ ಲಸಿಕೆ ದಿನ. ಡಾಕ್ಟರಿಗೆ ಫೋನ್ ಮಾಡಿ, ನಂದನ್ನ ಬದುಕೋರಿಗೆ ಯಾರಿಗಾದ್ರೂ ಕೊಡಿ, ನನಗೆ ಈಸ್ಟರ್ ಆಚೆಗೆ ಏನೂ ಇಲ್ಲ ಅಂದ್ರಂತೆ. ನಾಲ್ಕು ಗಂಟೆಗೆ ಕ್ಲಿನಿಕ್ಕಲ್ಲಿ ಲಸಿಕೆ ಬಾಟಲಿ ಮುಗಿಸ್ತಾರೆ. ಏನಾಯ್ತು ಈ ಮನುಷ್ಯನಿಗೆ?"

ಇಸ್ತ್ರಿಪೆಟ್ಟಿಗೆ ಎತ್ತುವುದನ್ನೇ ಮರೆತೆ. ಬಟ್ಟೆಯ ಮೂಲೆ ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತು. ಏನಾಗಿದೆ ಎಂದು ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ಈಸ್ಟರ್ ಎಂಬ ಮಾತು ಹೋಗಿದ್ದೇ ನನ್ನ ಬಾಯಿಂದ. ನಮ್ಮ ಚರ್ಚಿನ ಗಂಟೆ ಹೊಡೆಯುವ ಪ್ಯಾಕಿಯವರಿಗೆ ಬರುತ್ತಿದ್ದದ್ದು ಸಾವಲ್ಲ. ನೈಟ್ ಎಂಬ ಬಿರುದು.

ಇದು ಅರ್ಥವಾಗಬೇಕಾದರೆ ನಮ್ಮ ಕೆಲಸ ಏನು ಎಂಬುದರಿಂದಲೇ ಶುರುಮಾಡಬೇಕು. ಲೆಟರ್‌ಕೆನ್ನಿ ಎಂಬ ಐರಿಷ್ ಪೇಟೆಯಿಂದ ಆಚೆ, ಗುಡ್ಡದ ಬದಿಯ ಒಂದು ಸಣ್ಣ ಧರ್ಮಕೇಂದ್ರದಲ್ಲಿ, ಫಾದರ್ ವಾಸಿಸುವ ಗುರುಮನೆಯಲ್ಲಿ ಹದಿನಾರು ವರ್ಷ ದುಡಿದು ಹೋದ ವರ್ಷ ನಿವೃತ್ತಳಾದೆ. ಗಂಡ ಚೌರಪ್ಪ ಆಸ್ಪತ್ರೆಯ ಲಾಂಡ್ರಿ ಕೆಲಸಕ್ಕೆಂದು ಈ ದೇಶಕ್ಕೆ ಬಂದರು, ನಾನು ಚೌರಪ್ಪನವರಿಗೆ ಮುದ್ದೆ ಬೇಯಿಸಲೆಂದು ಬಂದೆ. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಫಾದರ್ ನನ್ನನ್ನು ನಿಲ್ಲಿಸಿ, "ನಿಮಗೆ ಆಲೂಗಡ್ಡೆ ಬೇಯಿಸೋಕೆ ಬರುತ್ತಾ?" ಎಂದು ಕೇಳಿದರು. ಸಂದರ್ಶನ ಅಲ್ಲಿಗೆ ಮುಗಿಯಿತು. ಆರೋಗ್ಯಮ್ಮ ಎಂಬ ನನ್ನ ಹೆಸರು ಇಲ್ಲಿಯವರ ನಾಲಗೆಯಲ್ಲಿ ಅರ್ಧಕ್ಕೇ ನಿಂತು ಆರೋ ಆಯಿತು. ಹೌಸ್‌ಕೀಪರ್ ಎಂದು ಸೇರಿಸಿಕೊಂಡರು, ಕೆಲವು ವರ್ಷದ ಮೇಲೆ ಸೆಕ್ರೆಟರಿ ಎಂದೂ ಜೋಡಿಸಿದರು. ಆಲೂಗಡ್ಡೆ ಸುಲಿಯುವುದು ಮಾತ್ರ ಕಡಿಮೆಯಾಗಲಿಲ್ಲ.

ಈಗ ಬೆಂಗಳೂರಿನಿಂದ, ನಮ್ಮ ಕನಕಪುರದ ಕಡೆಯಿಂದ ಓದಲು ಬಂದ ಹುಡುಗಿಯರು ಇಂಥ ಆಫೀಸುಗಳಿಗೆ ಸೇರುತ್ತಿದ್ದಾರೆ. "ಆಂಟಿ, ಅಲ್ಲೇನ್ ಕೆಲ್ಸ ಇರುತ್ತೆ?" ಎಂದು ಕೇಳುತ್ತಾರೆ. ಗುರುಗಳ ಉಪ್ಪಿನ ಅಳತೆ, ಸತ್ತವರ ಮನೆಯ ಫೋನು, ಮದುವೆಯ ರಿಜಿಸ್ಟರು, ಇದೆಲ್ಲ ಒಂದು ತಿಂಗಳಲ್ಲಿ ಬಂದುಬಿಡುತ್ತದೆ. ಯಾರೂ ಹೇಳಿಕೊಡದ ಕೆಲಸ ಒಂದಿದೆ, ಬಿರುದಿನ ಕಾಗದ. ಅದನ್ನು ನಾನು ಹೇಳುತ್ತೇನೆ. ಇಲ್ಲಿಯವರು ಆಡಿದ ಇಂಗ್ಲಿಷನ್ನು ನಮ್ಮ ಮಾತಿಗೇ ತಿರುಗಿಸಿ ಬರೆಯುತ್ತೇನೆ, ಒಪ್ಪಿಸಿಕೊಳ್ಳಿ.

ಈ ದೇಶದ ಸರ್ಕಾರ ಯಾರಿಗೂ ಸರ್, ಲಾರ್ಡ್ ಎಂದು ಬಿರುದು ಕೊಡುವಂತಿಲ್ಲ. ಸಂವಿಧಾನದಲ್ಲೇ ಹಾಗೆ ಬರೆದಿದೆ. ಗಡಿಯಾಚೆಯಿಂದ ಇಂಗ್ಲಿಷರ ರಾಣಿ ಕೊಡುತ್ತೇನೆಂದರೂ ಇಲ್ಲಿಯ ಪ್ರಜೆ ಮೊದಲು ಸರ್ಕಾರದ ಒಪ್ಪಿಗೆ ಪಡೆಯಬೇಕು. ಹಾಗಾಗಿ ನಮ್ಮಂಥ ಹಳ್ಳಿಯಲ್ಲಿ ಯಾರಾದರೂ ನೈಟ್ ಆದರೆ ಅದು ಪೋಪರು ಕೊಟ್ಟದ್ದೇ. ಧರ್ಮಕೇಂದ್ರದ ಗುರುಗಳು ಬಿಷಪ್ಪರಿಗೆ ಬರೆಯಬೇಕು, ಬಿಷಪ್ಪರಿಗೆ ಸರಿಯೆನಿಸಿದರೆ ರೋಮಿಗೆ ಕಳಿಸಬೇಕು, ರೋಮಿನವರಿಗೆ ಪುರುಸೊತ್ತಾದಾಗ ಲ್ಯಾಟಿನ್ ಭಾಷೆಯ ದಪ್ಪ ಕಾಗದ ಒಂದು ಬರುತ್ತದೆ. ಅದರ ಜೊತೆಗೆ ಪದಕ. ಹಸಿರು ಕೋಟು, ಬೆಳ್ಳಿಯ ಕಸೂತಿ, ಸೊಂಟಕ್ಕೆ ಕತ್ತಿ, ದೋಣಿಯಂತೆ ಎರಡು ಮೊನೆಯ ಟೋಪಿ, ಇವನ್ನೆಲ್ಲ ಹಾಕಿಕೊಳ್ಳುವ ಹಕ್ಕೂ ಬರುತ್ತದೆ. ನಮ್ಮ ಕಡೆ ಶಾಲು, ಹಣ್ಣಿನ ಬುಟ್ಟಿ, ಮೈಸೂರು ಪೇಟ ಇದ್ದಂತೆ. ಆದರೆ ನಮ್ಮಲ್ಲಿ ಸನ್ಮಾನಿತರಿಗೆ ತಿಂಗಳ ಮೊದಲೇ ಗೊತ್ತಿರುತ್ತದೆ, ಎಷ್ಟೋ ಸಲ ಬ್ಯಾನರನ್ನೂ ಅವರೇ ಬರೆಸಿರುತ್ತಾರೆ. ಇಲ್ಲಿ ಆ ಮನುಷ್ಯನಿಗೆ ಕೊನೆಯವರೆಗೂ ಗೊತ್ತಾಗಕೂಡದು.

ನಾನು ಸೇರಿದ ಹೊಸತರಲ್ಲಿ ಪೇಟೆಯ ಸೋಫಾ ಅಂಗಡಿಯವರೊಬ್ಬರು ಗುರುಮನೆಗೆ ಒಂದು ಕಂದು ಸೋಫಾ ಕಳಿಸಿದರು. ಹಿಂದೆಯೇ ಫೋನು ಬಂತು: ತಮ್ಮ ಸೇವೆ ಬಿಷಪ್ಪರ ಗಮನಕ್ಕೆ ಬಂದಿದೆಯೇ ಎಂದು. ಹಿಂದಿನ ಫಾದರ್ ನನ್ನನ್ನು ಕರೆದು, "ಆರೋ, ಸೋಫಾ ವಾಪಸ್ ಕಳ್ಸು. ಕೇಳಿದೋರಿಗೆ ಕೊಡಲ್ಲ, ಇದರಲ್ಲಿ ಇರೋದೇ ಒಂದು ನಿಯಮ" ಎಂದರು. ಲಾರಿ ಬರಲು ಎರಡು ದಿನವಾಯಿತು. ಆ ಎರಡು ದಿನ ನಾನೂ ಫಾದರೂ ಸರದಿಯಲ್ಲಿ ಅದರ ಮೇಲೆ ಕುಳಿತೆವು. ಬೆನ್ನಿಗೆ ಬಹಳ ಹಿತವಾಗಿತ್ತು. ಒಂದು ಸಣ್ಣ ಕೃಪೆ ಎಂದು ಎಣಿಸಿಕೊಂಡೆ.

ನಾನೇ ಬರೆದ ಮೊದಲ ಕಾಗದ ಗಾಯನ ತಂಡದ ಒಬ್ಬ ಹಿರಿಯ ಹೆಂಗಸಿನದು. ನನಗೆ ಗೊತ್ತಿದ್ದದ್ದು ನಮ್ಮೂರಿನ ಬಿನ್ನವತ್ತಳೆ. ಅದೇ ಧಾಟಿಯಲ್ಲಿ ಕರುಣೆಯ ಕಡಲು, ವಿಶ್ವಾಸದ ಮೇರು, ನಡೆದಾಡುವ ದೇವದೂತೆ ಎಂದೆಲ್ಲ ಇಂಗ್ಲಿಷಿಗೆ ಇಳಿಸಿ ಎರಡು ಹಾಳೆ ತುಂಬಿಸಿದೆ. ಮಾರನೆಯ ದಿನವೇ ಬಿಷಪ್ಪರ ಸೆಕ್ರೆಟರಿ ಫೋನ್ ಮಾಡಿದರು.

"ಮಿಸೆಸ್, ನೀವು ಈಕೆಯನ್ನ ಸಂತಳಾಗಿ ಮಾಡಿ ಅಂತ ಬರೆದ ಹಾಗಿದೆ. ಮಾಡಬಹುದು. ಆದ್ರೆ ಅದಕ್ಕೆ ಆಯಮ್ಮ ಮೊದಲು ಸಾಯಬೇಕು."

ಅಂದು ಕಲಿತೆ. ಕೈಯಲ್ಲಿ ಏನು ಮಾಡಿದರು ಎಂಬುದನ್ನು ಬರೆಯಬೇಕು, ಬಣ್ಣನೆಯನ್ನಲ್ಲ. ನೀವೂ ಹಾಗೇ ಬರೆಯಿರಿ.

ಪ್ಯಾಕಿಯವರ ಕೈಯನ್ನು ಕುರಿತು ಬರೆಯುವುದು ಸುಲಭವಾಗಿತ್ತು. ಎಂಬತ್ತಾರು ವರ್ಷ, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಚರ್ಚಿನ ಗಂಟೆ, ಮೇಣದಬತ್ತಿ, ಬೀಗದ ಕೈ ಎಲ್ಲ ಅವರದೇ. ನಮ್ಮೂರಲ್ಲಾದರೆ ಉಪದೇಶಿ ಎನ್ನುತ್ತಿದ್ದೆವು. ಕೊರೋನಾ ಬಂದು ಪೂಜೆಗೆ ಜನ ಸೇರುವಂತಿಲ್ಲವೆಂದಾಗ ಕ್ಯಾಮರಾ ಹಿಡಿಯುವ ಕೆಲಸವೂ ಅವರ ಪಾಲಿಗೆ ಬಂತು. ಮೊದಲ ಮೂರು ಭಾನುವಾರ ಇಡೀ ಧರ್ಮಕೇಂದ್ರ ಮನೆಯಲ್ಲಿ ಕುಳಿತು ನೋಡಿದ್ದು ಫಾದರ್ ಅವರ ಬೂಟುಗಳನ್ನು. ನಾಲ್ಕನೆಯ ವಾರ ಫಾದರ್ ಬೂಟಿಗೆ ಪಾಲಿಶ್ ಹಾಕಿಸಿಕೊಂಡ ದಿನವೇ ಕ್ಯಾಮರಾ ಮೇಲೆ ಎದ್ದಿತು. ಶವಸಂಸ್ಕಾರಕ್ಕೆ ಹತ್ತೇ ಜನ ಎಂಬ ಕಾಲದಲ್ಲಿ ಪ್ಯಾಕಿ ಸಮಾಧಿಯ ಬಳಿ ಮಳೆಯಲ್ಲಿ ಫೋನನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದರು, ದೂರದಲ್ಲಿದ್ದ ಮಕ್ಕಳಿಗೆ ಕಾಣಲಿ ಎಂದು. ಕೈ ನಡುಗಿದರೆ ಇನ್ನೊಂದು ಕೈಯಿಂದ ಮೊಣಕೈ ಹಿಡಿದುಕೊಳ್ಳುವರು. ಇದನ್ನೇ ಬರೆದೆ. ಸೆಕ್ರೆಟರಿ ಈ ಸಲ ತಪ್ಪು ಹುಡುಕಲಿಲ್ಲ.

ಅವರಿಗೂ ನನಗೂ ಇದ್ದ ಜಗಳ ಒಂದೇ, ಆ ಹಳೆಯ ಕಪ್ಪು ಸೈಕಲ್ಲು. ಅವರದನ್ನು ಹೊರಗೆ ನಿಲ್ಲಿಸುವವರಲ್ಲ. ನಾನು ಒರೆಸಿದ ಗುರುಮನೆಯ ಹಜಾರದ ಮೇಲೆ ಒದ್ದೆ ಚಕ್ರ ಉರುಳಿಸಿಕೊಂಡು ಅಡುಗೆಮನೆಯ ತನಕ ಬರುವರು. ವರ್ಷಗಟ್ಟಲೆ ಬೈದೆ. "ಮಳೆಲಿ ಅದಕ್ಕೆ ತುಕ್ಕು ಹಿಡಿಯುತ್ತೆ ಮಿಸೆಸ್, ನಿಮ್ ನೆಲಕ್ಕೆ ಹಿಡಿಯಲ್ವಲ್ಲ" ಎನ್ನುವರು.

ಬಿಷಪ್ಪರು ಒಪ್ಪಿ ಕಾಗದ ರೋಮಿಗೆ ಹೋಯಿತು. ತೀರಿಹೋದ ಒಬ್ಬ ನೈಟ್ ಅವರ ಹಸಿರು ಕೋಟು, ಟೋಪಿ ಬಿಷಪ್ಪರ ಮನೆಯ ಬೀರುವಿನಲ್ಲಿ ಇದ್ದವು. ಅವನ್ನು ಪೆಟ್ಟಿಗೆಯಲ್ಲಿ ಕಳಿಸಿ, "ಈಸ್ಟರ್ ಹೊತ್ತಿಗೆ ಉತ್ತರ ಬರಬಹುದು. ಗುಟ್ಟಾಗಿ ಅಳತೆ ತಗೊಂಡು ಸರಿಮಾಡಿಡಿ. ಅವರಿಗೆ ಸುಳಿವು ಸಿಕ್ಕರೆ ಬಿಷಪ್ಪರು ಅವರ ಹೆಸರನ್ನ ಹಿಂದಕ್ಕೆ ತಗೋತಾರೆ" ಎಂದು ಸೆಕ್ರೆಟರಿ ಹೇಳಿದರು. ಹಿಂದೊಮ್ಮೆ ಪಕ್ಕದ ಧರ್ಮಕೇಂದ್ರದಲ್ಲಿ ಒಬ್ಬಾಕೆ ಗಂಡನ ವಿಷಯವನ್ನು ಹೆಣಿಗೆಯ ಗುಂಪಿನಲ್ಲಿ ಹೇಳಿಬಿಟ್ಟು ಎಲ್ಲವೂ ಅಲ್ಲಿಗೇ ನಿಂತುಹೋಗಿತ್ತಂತೆ.

ಗುಟ್ಟು ಎಂದರೆ ನನಗೆ ಕಷ್ಟವಲ್ಲ. ಸುಳ್ಳು ಕಷ್ಟ. ನನ್ನ ಜಪಸರ ಮುಟ್ಟಿಕೊಂಡು ಸುಳ್ಳು ಹೇಳಲಾರೆ ಎಂದುಕೊಂಡು ಬರೀ ಬಾಯಿ ಮುಚ್ಚಿಕೊಂಡೇ ಕೆಲಸ ಸಾಗಿಸಿದೆ. ಅವರ ಜ್ಞಾನಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ ಚೀಟಿ ಕೇಳಿ ಪಡೆದೆ. ಯಾಕೆ ಎಂದರೆ, "ಬೇಕಿತ್ತು" ಎಂದೆ. ಒಳ್ಳೆಯ ಕೋಟು ಹಾಕಿಸಿ ಫೋಟೋ ತೆಗೆದೆ. ಫಾದರ್ ತಮ್ಮ ಪಾಡಿಗೆ ತಾವು ಹೋಗಿ, ಇಷ್ಟದ ಕೀರ್ತನೆ ಯಾವುದೆಂದು ವಿಚಾರಿಸಿ ಬಂದರು. ಉಳಿದದ್ದು ಅಳತೆ. ಎರಡು ಮೀಟರ್ ದೂರದಲ್ಲಿ ನಿಂತು ಮನುಷ್ಯನ ಅಳತೆ ತೆಗೆಯುವ ಟೇಪು ಇನ್ನೂ ಬಂದಿಲ್ಲ. ಆದರೆ ಕ್ಷೌರದಂಗಡಿಗಳೆಲ್ಲ ಮುಚ್ಚಿದ್ದವು, ಪ್ಯಾಕಿಯವರ ಕೂದಲು ಕಿವಿ ಮುಚ್ಚಿತ್ತು. ದೇವರು ಒಂದು ಬಾಗಿಲು ತೋರಿಸಿದ ಎಂದುಕೊಂಡೆ. ಇಬ್ಬರೂ ಮಾಸ್ಕ್ ಹಾಕಿಕೊಂಡೆವು, ಹಿತ್ತಲಲ್ಲಿ ಕುರ್ಚಿ ಹಾಕಿ ಕೂರಿಸಿ ಕೂದಲು ಕತ್ತರಿಸಿದೆ. ಆ ನೆಪದಲ್ಲೇ ತಲೆಯ ಸುತ್ತ ಟೇಪು ಹಿಡಿದೆ. ಆಮೇಲೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ, ಭುಜದಿಂದ ಭುಜಕ್ಕೆ ಅಗಲ.

ಪ್ಯಾಕಿ ನನ್ನ ಟೇಪಿನ ಕಡೆ ನೋಡಿದರು. ಆಮೇಲೆ ಕೇಳಿದರು, "ಅಗಲ ಸಾಕಾಗುತ್ತಾ ಮಿಸೆಸ್?"

"ಒಂದಿಂಚು ಜಾಸ್ತಿನೇ ಇಡ್ತೀನಿ. ಒಳಗೆ ಬಿಗಿ ಆಗಬಾರದಲ್ಲ."

"ಅವಸರ ಇದೆಯಾ?"

"ಈಸ್ಟರ್ ಹೊತ್ತಿಗೆ ಬೇಕಾಗಬಹುದು," ಎಂದೆ.

ನನಗೆ ಆಗಲೂ ಹೊಳೆಯಲಿಲ್ಲ! ಅವರು ಬಿಚ್ಚಿಟ್ಟಿದ್ದ ಟೋಪಿಯನ್ನು ಎದೆಗೆ ಹಿಡಿದುಕೊಂಡು, "ನೀವು ನನಗೆ ಯಾವಾಗ್ಲೂ ಒಳ್ಳೆಯವರಾಗೇ ಇದ್ದಿರಿ" ಎಂದು ಹೇಳಿ ಹೋದರು. ಎಷ್ಟು ಸಂಸ್ಕಾರವಂತರು ಎಂದುಕೊಂಡೆ. ಆಮೇಲೆ ಹತ್ತು ದಿನ ನನ್ನ ಹಜಾರ ಕನ್ನಡಿಯಂತೆ ಇತ್ತು. ಸಂಜೆ ಗಂಟೆ ಹೊತ್ತಿಗೆ ಸರಿಯಾಗಿ ಹೊಡೆಯುತ್ತಿತ್ತು, ಚಕ್ರದ ಗುರುತು ಮಾತ್ರ ಒಂದೂ ಇಲ್ಲ. ಕೊನೆಗೂ ಬುದ್ಧಿ ಬಂತು ಎಂದು ಅದನ್ನೂ ಒಂದು ಕೃಪೆಯೆಂದು ಎಣಿಸಿಬಿಟ್ಟೆನಲ್ಲ, ಮಾತೆ ಮರಿಯಮ್ಮ ಕ್ಷಮಿಸಲಿ.

ಈಗ ಇಸ್ತ್ರಿಪೆಟ್ಟಿಗೆಯ ಹತ್ತಿರಕ್ಕೆ ವಾಪಸ್ಸಾಗೋಣ. ಫಾದರ್‌ಗೆ ಎಲ್ಲ ಹೇಳಿದೆ. ಅವರು ಮಾಸ್ಕಿನೊಳಗೆ ನಕ್ಕರೋ ಅತ್ತರೋ ತಿಳಿಯಲಿಲ್ಲ, ಭುಜ ಕುಣಿಯುತ್ತಿತ್ತು.

"ಅಯ್ಯೋ ಆರೋ! ನಾನು ಶವಪೂಜೆಯ ಕೀರ್ತನೆ ಕೇಳಿದೀನಿ ಅಂದ್ಕೊಂಡಿದ್ದಾರೆ!"

"ನಗಬೇಡಿ ಫಾದರ್. ಮೂರು ಗಂಟೆ ಆಯ್ತು. ಹೋಗಿ ಹೇಳಿಬಿಡ್ಲಾ?"

ಅವರ ನಗು ನಿಂತಿತು. "ಹೇಳಿದ್ರೆ ಪದವಿ ಹೋಗುತ್ತೆ. ಹೇಳ್ದಿದ್ರೆ ಲಸಿಕೆ ಹೋಗುತ್ತೆ. ಬಿಷಪ್ಪರಿಗೆ ಫೋನ್ ಮಾಡ್ತೀನಿ."

"ಬಿಷಪ್ಪರು ಫೋನ್ ಎತ್ತೋ ಹೊತ್ತಿಗೆ ಬಾಟಲಿ ಖಾಲಿ ಆಗಿರುತ್ತೆ," ಎಂದು ಹೇಳಿ ಏಪ್ರನ್ನಿನಲ್ಲೇ ಹೊರಟೆ. ಆ ದಿನಗಳಲ್ಲಿ ನಮ್ಮ ಗುಡ್ಡದ ಮನೆಗಳಿಂದ ವಾರಕ್ಕೊಂದು ಶವಪೆಟ್ಟಿಗೆ ಹೊರಡುತ್ತಿತ್ತು. ಎಂಬತ್ತಾರರ ಮುದುಕರು ಲಸಿಕೆ ಬಿಟ್ಟರೆ ಏನಾಗಬಹುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹಸಿರು ಕೋಟು ಖಾಲಿ ಬೀರುವಿನಲ್ಲಿ ನೇತಾಡುವುದು ಕಣ್ಣಿಗೆ ಕಟ್ಟಿತು. ದಾರಿಯುದ್ದಕ್ಕೂ ಜಪಸರ ಎಣಿಸಿದೆ, ಓಡುವಾಗ ಎರಡೆರಡು ಮಣಿ ಜಾರಿದವು.

ಅವರ ಮನೆಯ ಗೇಟಿಗೆ ಸೈಕಲ್ಲು ಒರಗಿಕೊಂಡೇ ಇತ್ತು. ಪೋಸ್ಟ್ ವ್ಯಾನಿನೊಳಗೆ ಹಿಡಿಸಲಿಲ್ಲವಂತೆ, ಆಕೆ ಶನಿವಾರ ಬಂದು ಒಯ್ಯುವವಳಿದ್ದಳು. ಇದು ನಿಜವಾದ ಕೃಪೆ. ಪ್ಯಾಕಿ ಕಿಟಕಿಯ ಒಳಗಿದ್ದರು, ನಾನು ಹೊರಗೆ ಹೂಕುಂಡದ ಪಕ್ಕದಲ್ಲಿ ನಿಂತೆ.

"ಬಂದ್ರಾ ಮಿಸೆಸ್. ಪೆಟ್ಟಿಗೆ ಓಕ್ ಮರದ್ದು ಬೇಡ ಅಂತ ಹೇಳ್ಬಿಡಿ. ಹೊರೋರಿಗೆ ಭಾರ."

"ಪ್ಯಾಕಿ, ನೀವು ಸಾಯ್ತೀರಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅದರಿಂದಲೇ ಗೊತ್ತಾಗಿದ್ದು. ಚೀಟಿ ಇಸ್ಕೊಂಡ್ರಿ, ಸತ್ತೋರ ನೆನಪಿನ ಕಾರ್ಡಿಗೆ ಫೋಟೋ ತೆಗೆದ್ರಿ, ಫಾದರ್ ಕೀರ್ತನೆ ಕೇಳಿದ್ರು, ನೀವು ಉದ್ದ ಅಗಲ ಅಳೆದು ಈಸ್ಟರ್ ಅಂದ್ರಿ. ನಲವತ್ತು ವರ್ಷ ಜನರನ್ನ ಮಣ್ಣಿಗೆ ಇಳಿಸಿದೋನು ನಾನು, ಇಷ್ಟು ಗೊತ್ತಾಗಲ್ವಾ? ನಿಮ್ಮೆಜಮಾನ್ರು ಆಸ್ಪತ್ರೇಲಿದ್ದಾರೆ, ನನ್ನ ರಕ್ತದ ರಿಪೋರ್ಟು ನೋಡಿರ್ತಾರೆ."

"ಅವರು ಲಾಂಡ್ರೀಲಿರೋದು ಪ್ಯಾಕಿ! ಅವರು ನೋಡೋದು ಬೆಡ್‌ಶೀಟು!"

ಅವರು ನನ್ನ ಕಡೆ ಕರುಣೆಯಿಂದ ನೋಡಿದರು, ನಾನೇ ಸಾಯುವವಳು ಎಂಬಂತೆ. ಆಗ ಎಲ್ಲಿಂದ ಬಂತೋ, ಪವಿತ್ರಾತ್ಮರೇ ಬಾಯಲ್ಲಿಟ್ಟರು ಎಂದು ಈಗಲೂ ನಂಬಿದ್ದೇನೆ.

"ನಲವತ್ತು ವರ್ಷ ನೋಡಿದ್ದೀರಲ್ಲ, ಶವದ ಪೆಟ್ಟಿಗೆ ಮಾಡೋನು ಯಾವತ್ತಾದ್ರೂ ತಲೆ ಸುತ್ತ ಟೇಪ್ ಹಿಡಿದಿದ್ದು ಕಂಡಿದ್ದೀರಾ?"

ಪ್ಯಾಕಿಯವರ ಕೈ ತಾನಾಗಿಯೇ ನಾನು ಕತ್ತರಿಸಿದ ಕೂದಲಿನ ಮೇಲೆ ಹೋಯಿತು.

"ಇಲ್ಲ."

"ಹೆಣಕ್ಕೆ ಟೋಪಿ ಹಾಕ್ತೀರಾ ಈ ಊರಲ್ಲಿ?"

"ಇಲ್ಲ... ಬಿಷಪ್ ಆದ್ರೆ ಹಾಕ್ತಾರೆ."

"ನೀವು ಬಿಷಪ್ಪಾ?"

"ಇಲ್ಲಪ್ಪ!"

ಇಬ್ಬರಿಗೂ ನಗು ಬಂದುಬಿಟ್ಟಿತು. ನಾನು ಕಿಟಕಿಯ ಕಟ್ಟೆ ಹಿಡಿದು ನಕ್ಕೆ, ಅವರು ಪರದೆ ಹಿಡಿದು ನಕ್ಕರು. ಆಮೇಲೆ ಅವರ ಕೈ ಮತ್ತೆ ತಲೆಯ ಮೇಲೆ ಹೋಯಿತು. ಚಿಕ್ಕಂದಿನಲ್ಲಿ ಪೂಜೆಗೆ ಸಹಾಯ ಮಾಡುವಾಗ ಒಬ್ಬ ನೈಟ್ ಅವರ ಟೋಪಿ ಹಿಡಿದುಕೊಂಡು ನಿಂತಿದ್ದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರು.

"ಮಿಸೆಸ್. ಆ ಟೋಪಿಗೆ ಎರಡು ಮೊನೆ ಇರುತ್ತಾ?"

"ನಾನೇನೂ ಹೇಳ್ಲಿಲ್ಲ."

"ಕೋಟು ಹಸಿರಾ?"

"ಪ್ಯಾಕಿ, ನಾಲ್ಕು ಗಂಟೆಗೆ ಬಾಟಲಿ ಮುಗಿಯುತ್ತೆ."

"ನನಗಾ?" ಎಂದರು. ದನಿ ಬಹಳ ಸಣ್ಣದಾಗಿತ್ತು. "ಗಂಟೆ ಹೊಡೆಯೋನಿಗಾ?"

ನಾನು ಬಾಯಿಯ ಮೇಲೆ, ಅಂದರೆ ಮಾಸ್ಕಿನ ಮೇಲೆ, ಬೆರಳಿಟ್ಟುಕೊಂಡೆ. ಅವರು ಮೂಗು ಒರೆಸಿಕೊಂಡು, "ಗ್ರ್ಯಾಂಡ್, ಆಯ್ತು. ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ" ಎಂದು ಕೋಟು ಹಾಕಿಕೊಂಡರು.

ಡಾಕ್ಟರ ಕ್ಲಿನಿಕ್ಕು ಇಳಿಜಾರಿನ ಕೊನೆಯಲ್ಲಿದೆ. ಎಂಬತ್ತಾರರ ಮನುಷ್ಯ ಸೈಕಲ್ಲೇರಿ ಗಂಟೆ ಬಾರಿಸುತ್ತ ಮುಂದೆ, ಏಪ್ರನ್ ಹಾರಿಸುತ್ತ ನಾನು ಹಿಂದೆ, "ಬ್ರೇಕು! ಬ್ರೇಕು!" ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೂಗುತ್ತ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಅವರ ತೋಳು ನರ್ಸಿನ ಮುಂದಿತ್ತು. ಬಾಟಲಿಯಲ್ಲಿ ಒಂದು ಡೋಸು ಉಳಿದಿತ್ತು. ಒಂದೇ. ಇದಕ್ಕೆ ಯಾವ ಮಣಿ ಎಣಿಸಲಿ ಹೇಳಿ.

ಶನಿವಾರ ಚರ್ಚಿನ ಕಾರ್ ಪಾರ್ಕಿನಲ್ಲಿ ಪಾಪನಿವೇದನೆಗೆ ಸಾಲು ನಿಂತೆ. ಸುಳ್ಳು ಹೇಳಿಲ್ಲ, ನಿಜವನ್ನೂ ಹೇಳಿಲ್ಲ, ಇದು ಯಾವ ಪಾಪ ಎಂದು ಕೇಳಿದೆ. ಫಾದರ್, "ಮೂರು ನಮೋ ಮರಿಯಾ ಜಪ ಮಾಡು. ಮತ್ತೆ ಆ ಕೋಟಿನ ತೋಳು ಬೇಗ ಮುಗಿಸು" ಎಂದರು.

ಈಸ್ಟರಿಗೆ ರೋಮಿನಿಂದ ಏನೂ ಬರಲಿಲ್ಲ. ಬಂದದ್ದು ಜೂನಿನಲ್ಲಿ. ಅಲ್ಲಿಯವರೆಗೆ ಪ್ಯಾಕಿ ಏನೂ ತಿಳಿಯದವರಂತೆ ಇರಲು ಪಟ್ಟ ಪಾಡು ಹೇಳತೀರದು. ಪೋಸ್ಟ್ ಬಂತೇ ಎಂದು ದಿನಕ್ಕೆರಡು ಸಲ ಕೇಳುವರು, "ಸುಮ್ನೆ ಕೇಳ್ದೆ" ಎಂದೂ ಸೇರಿಸುವರು. ನಮ್ಮ ಮಗಳು ಮರೀನಾ ಕೋಟಿಗೆ ಗುಂಡಿ ಹಚ್ಚುತ್ತಿದ್ದ ನನ್ನನ್ನು ನೋಡಿ, "ಆಹ್ ಮ್ಯಾಮ್, ಹಿ ನೋಸ್, ಇಡೀ ಊರಿಗೆ ಗೊತ್ತು" ಎಂದಳು. ಹುಟ್ಟಿದ್ದು ಇಲ್ಲಿ, ಕನ್ನಡ ಕೊನೆಗೆ ಒಂದು ಚಿಟಿಕೆ ಉದುರಿಸುತ್ತಾಳೆ.

ಕಾಗದ ಬಂದ ಮೇಲಿನ ಭಾನುವಾರದ ಪೂಜೆಗೆ ಜನ ಮಿತಿಯಲ್ಲಿದ್ದರು, ಒಂದು ಬೆಂಚು ಬಿಟ್ಟು ಒಂದು ಬೆಂಚು. ಬಿಷಪ್ಪರು ಪೂಜೆಯ ಕೊನೆಗೆ ಕಾಗದ ತೆಗೆದು ಹೆಸರು ಓದಿದರು. ಪ್ಯಾಕಿ ಬೆಚ್ಚಿಬಿದ್ದವರಂತೆ ಎರಡು ಕೈಯನ್ನೂ ಮೇಲೆತ್ತಿ, "ಯಾರು, ನಾನಾ?" ಎಂದರು, ನನ್ನ ಲೆಕ್ಕದಲ್ಲಿ ಹೆಸರು ಪೂರ್ತಿ ಓದುವುದಕ್ಕೂ ಮೊದಲೇ. ಬಿಷಪ್ಪರು ಕನ್ನಡಕದ ಮೇಲಿಂದ ಫಾದರನ್ನು ನೋಡಿದರು. ಫಾದರ್ ನನ್ನನ್ನು ನೋಡಿದರು. ನಾನು ಚಾವಣಿಯನ್ನು ನೋಡಿದೆ. ಪದಕ ಎದೆಗೆ ಏರಿತು. ಟೋಪಿ ಒಂದು ಕೂದಲಷ್ಟೂ ಅಲ್ಲಾಡದೆ ಕೂತಿತು.

ಮೊದಲೇ ಹೇಳಬೇಕಿತ್ತು, ಮರೆತೆ: ಈ ನೈಟ್‌ಗಳಿಗೆ ಪೋಪರ ಮಹಾಮಂದಿರದೊಳಗೆ ಕುದುರೆಯ ಮೇಲೆ ಕುಳಿತು ಹೋಗುವ ಹಕ್ಕಿದೆಯಂತೆ. ಹಾಗೆಂದು ಹೇಳುತ್ತಾರೆ, ಹೋದವರನ್ನು ನಾನು ಕಂಡಿಲ್ಲ. ಬಿಷಪ್ಪರು ಭಾಷಣದಲ್ಲಿ ಇದನ್ನು ತಮಾಷೆಗೆ ಹೇಳಿದ್ದೇ ತಪ್ಪಾಯಿತು. ಹೊರಗೆ ಜೋರು ಮಳೆ. ಗುರುಮನೆಯಲ್ಲಿ ಬಿಷಪ್ಪರಿಗೆ ಚಹಾ ಸೋಸುತ್ತಿದ್ದೆ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒರೆಸಿದ ಹಜಾರದಲ್ಲಿ ಟಿಕ್ ಟಿಕ್ ಟಿಕ್ ಎಂಬ ಸದ್ದು ಕೇಳಿಸಿತು. ಹಸಿರು ಕೋಟು, ಬೆಳ್ಳಿ ಕಸೂತಿ, ಎರಡು ಮೊನೆಯ ಟೋಪಿಯಿಂದ ತೊಟ್ಟಿಕ್ಕುವ ನೀರು, ಕೈಯಲ್ಲಿ ಕಪ್ಪು ಸೈಕಲ್ಲು.

"ಕುದುರೆ ಸಿಗಲಿಲ್ಲ ಮಿಸೆಸ್," ಎಂದರು ಪ್ಯಾಕಿ. "ಇವತ್ತು ಬೈಯೋ ಹಾಗಿಲ್ಲ. ಇದು ನನ್ನ ಹಕ್ಕು."

ಬಾಗಿಲಿಂದ ಅಡುಗೆಮನೆಯ ತನಕ ಕೆಸರಿನ ಗೆರೆ ಅಂಕುಡೊಂಕಾಗಿ ಬಂದಿತ್ತು. ನಾನು ಅವರಿಗೆ ಚಹಾ ಕೊಟ್ಟೆ, ಸೈಕಲ್ಲನ್ನು ಒಲೆಯ ಪಕ್ಕ ಒರಗಿಸಿದೆ, ಬಕೆಟಿಗೆ ಬಿಸಿನೀರು ಹಿಡಿದು ಒರೆಸುವ ಕೋಲು ತೆಗೆದುಕೊಂಡೆ.